ಬಾರದ ದಿನ, ಬಿಡದ ನಿರೀಕ್ಷೆ

1962ರ ಫೆಬ್ರುವರಿಯ ಮೊದಲ ವಾರವನ್ನು ನೆನಪಿಟ್ಟುಕೊಂಡಿರುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅದು ಅಷ್ಟಗ್ರಹ ಕೂಟದ ಕಾಲ. ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರುತ್ತವೆ, ಜಗತ್ತಿಗೆ ಪ್ರಳಯ ಕಾದಿದೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತ್ತು. ಹೋಮ ಹವನಗಳು, ಭಜನೆಗಳು ಹಗಲಿರುಳೂ ನಡೆದವು. ಗ್ರಹಗಳು ಸೇರಿದವು, ಚದುರಿದವು. ಜನ ಮತ್ತೆ ಹೊಲಕ್ಕೆ, ಅಂಗಡಿಗೆ, ಕಚೇರಿಗೆ ಹೋದರು. 2012ರ ಡಿಸೆಂಬರಿನಲ್ಲಿ ಮಾಯಾ ಪಂಚಾಂಗದ ಹೆಸರಿನಲ್ಲಿ ಇಂಥದೇ ಗುಲ್ಲು ಎದ್ದಾಗಲೂ ಆದದ್ದು ಇಷ್ಟೇ.

ಲೋಕದ ಕೊನೆಯ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಭಯ. ಆದರೆ ಕ್ರೈಸ್ತ ಧರ್ಮದಲ್ಲಿ ಇದೇ ವಿಷಯ ಭಯಕ್ಕಿಂತ ಹೆಚ್ಚಾಗಿ ಆಸೆಯ ಮಾತಾಗಿ ಹುಟ್ಟಿತು. ಕ್ರಿಸ್ತನು ಮರಳಿ ಬರುತ್ತಾನೆ, ಅನ್ಯಾಯ ಕೊನೆಗಾಣುತ್ತದೆ, ಸತ್ತವರು ಎದ್ದು ಬರುತ್ತಾರೆ, ಕಣ್ಣೀರು ಇಲ್ಲದ ಹೊಸ ಲೋಕ ಬರುತ್ತದೆ ಎಂಬುದು ಆ ನಂಬಿಕೆಯ ತಿರುಳು. ಹಾಗಿದ್ದರೆ ಅದು ಬರುವುದು ಯಾವಾಗ? ಈ ಪ್ರಶ್ನೆಗೆ ಕರಾರುವಾಕ್ಕಾದ ಉತ್ತರ ಕೊಡಲು ಹೊರಟ ಒಬ್ಬ ಜರ್ಮನ್ ಪಂಡಿತರ ಕಥೆ ಇಲ್ಲಿದೆ. ಅವರ ಲೆಕ್ಕ ತಪ್ಪಿತು. ಆ ಲೆಕ್ಕವನ್ನು ಮನೆಮಾತಾಗಿ ಕೇಳುತ್ತ ಬೆಳೆದ ನಾಡಿನವರೇ ಮುಂದೆ ಮಂಗಳೂರಿಗೆ ಬಂದು ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು.

ಕಾಯುವವರ ಧರ್ಮ

ಕ್ರಿಸ್ತನ ಮೊದಲ ಶಿಷ್ಯರು ತಮ್ಮ ಜೀವಮಾನದಲ್ಲೇ ಆತ ಮರಳಿ ಬರುವನೆಂದು ಕಾದಿದ್ದರು. 'ಮಾರಾನಾಥಾ', ಅಂದರೆ 'ನಮ್ಮ ಒಡೆಯನೇ, ಬಾ' ಎಂಬ ಅರಮಾಯಿಕ್ ಭಾಷೆಯ ಕೂಗು ಅವರ ಪ್ರಾರ್ಥನೆಯಲ್ಲಿತ್ತು. ಸುಮಾರು ಕ್ರಿ.ಶ. 50ರಲ್ಲಿ ಸಂತ ಪೌಲನು ಗ್ರೀಸಿನ ಥೆಸಲೋನಿಕದ ಸಭೆಗೆ ಬರೆದ ಪತ್ರ ಹೊಸ ಒಡಂಬಡಿಕೆಯ ಅತಿ ಹಳೆಯ ಬರಹಗಳಲ್ಲಿ ಒಂದು. ಅಲ್ಲಿಯವರ ಚಿಂತೆ ಏನು? ಕ್ರಿಸ್ತನು ಬರುವ ಮೊದಲೇ ನಮ್ಮವರು ಕೆಲವರು ಸತ್ತುಹೋದರಲ್ಲ, ಅವರ ಗತಿ ಏನು ಎಂಬುದು. ಅವರನ್ನೂ ಬಿಟ್ಟುಹೋಗುವುದಿಲ್ಲ ಎಂದು ಪೌಲನು ಸಮಾಧಾನ ಹೇಳಿದ. ಅದೇ ಸಭೆಗೆ ಪೌಲನ ಹೆಸರಿನಲ್ಲಿರುವ ಎರಡನೆಯ ಪತ್ರದಲ್ಲಿ ಇನ್ನೊಂದು ತೊಂದರೆಯ ಪ್ರಸ್ತಾಪವಿದೆ. ಕೆಲವರು ದುಡಿಮೆ ಬಿಟ್ಟು ಕುಳಿತಿದ್ದರು. ದುಡಿಯಲು ಒಲ್ಲದವನು ಉಣ್ಣಲೂಬಾರದು ಎಂದು ಪತ್ರ ಖಡಾಖಂಡಿತವಾಗಿ ಹೇಳುತ್ತದೆ.

ಅಂತ್ಯಕಾಲವನ್ನು ಕುರಿತ ಕ್ರೈಸ್ತ ಚಿಂತನೆಯ ಎರಡು ತುದಿಗಳೂ ಈ ಎರಡು ಪತ್ರಗಳಲ್ಲೇ ಇವೆ. ಒಂದು, ಸತ್ತವರ ಬಗೆಗಿನ ಭರವಸೆ. ಇನ್ನೊಂದು, ಬದುಕಿರುವವರ ಕೆಲಸ. ಇವೆರಡರ ನಡುವೆ ದಿನಾಂಕಕ್ಕೆ ಜಾಗವಿರಲಿಲ್ಲ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು, ತನಗೂ ತಿಳಿಯದು, ತಂದೆಯೊಬ್ಬನಿಗೇ ಗೊತ್ತು ಎಂದು ಯೇಸುವೇ ಹೇಳಿದ ಮಾತು ಮಾರ್ಕನ ಸುವಾರ್ತೆಯಲ್ಲಿದೆ.

ಆದರೆ ಬೈಬಲಿನ ಕೊನೆಯ ಪುಸ್ತಕವಾದ 'ಪ್ರಕಟನೆ'ಯಲ್ಲಿ ಸಂಖ್ಯೆಗಳಿದ್ದವು. ಮೃಗದ ಅಂಕಿ 666, ನಲವತ್ತೆರಡು ತಿಂಗಳು, ಸಾವಿರ ವರ್ಷದ ಆಳ್ವಿಕೆ. ಸಂಖ್ಯೆ ಇದ್ದ ಮೇಲೆ ಲೆಕ್ಕ ಹಾಕುವವರು ಇಲ್ಲದಿರುತ್ತಾರೆಯೇ? ಕ್ರಿ.ಶ. 410ರಲ್ಲಿ ರೋಮ್ ನಗರ ಸೂರೆಯಾದಾಗ ಇನ್ನೇನು ಎಲ್ಲ ಮುಗಿಯಿತೆಂದು ಹಲವರು ನಡುಗಿದರು. ಆಗ ಸಂತ ಆಗಸ್ಟೀನನು ತನ್ನ 'ದೇವರ ನಗರ' ಗ್ರಂಥದಲ್ಲಿ, ಆ ಸಾವಿರ ವರ್ಷವನ್ನು ಬೆರಳೆಣಿಸಿ ನೋಡಬಾರದು, ಅದು ಸಭೆಯು ಈ ಲೋಕದಲ್ಲಿ ಬಾಳುವ ಕಾಲದ ಸಂಕೇತ ಎಂದು ವಿವರಿಸಿದ. ಈ ವ್ಯಾಖ್ಯಾನ ಶತಮಾನಗಳ ಕಾಲ ನಿಂತಿತು. ಆದರೂ ಬರ, ಯುದ್ಧ, ಪಿಡುಗು ಬಂದಾಗಲೆಲ್ಲ ಲೆಕ್ಕಾಚಾರ ಮತ್ತೆ ತಲೆ ಎತ್ತುತ್ತಲೇ ಇತ್ತು.

ಲೆಕ್ಕ ಹಾಕಿದ ಪಂಡಿತರು

ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಹುಟ್ಟಿದ್ದು 1687ರಲ್ಲಿ, ಜರ್ಮನಿಯ ನೈರುತ್ಯದ ವುರ್ಟೆಂಬರ್ಗ್ ಸೀಮೆಯ ವಿನೆಂಡೆನ್ ಎಂಬ ಊರಿನಲ್ಲಿ. ಇವರು ಬೀದಿಯಲ್ಲಿ ನಿಂತು ಕೂಗುವ ಪ್ರವಾದಿಯಾಗಿರಲಿಲ್ಲ. ಡೆಂಕೆನ್‌ಡಾರ್ಫಿನ ಮಠದ ಶಾಲೆಯಲ್ಲಿ 1713ರಿಂದ 28 ವರ್ಷ ಹುಡುಗರಿಗೆ ಗ್ರೀಕ್, ಲ್ಯಾಟಿನ್ ಕಲಿಸಿದ ಮೇಷ್ಟ್ರು. ವಿದ್ಯಾರ್ಥಿಯಾಗಿದ್ದಾಗ, ಹೊಸ ಒಡಂಬಡಿಕೆಯ ಹಸ್ತಪ್ರತಿಗಳಲ್ಲಿ ಸಾವಿರಾರು ಪಾಠಭೇದಗಳಿವೆ ಎಂದು ತಿಳಿದು ಇವರ ಮನಸ್ಸು ಕಲಕಿತು. ದೇವರ ಮಾತೆಂದು ನಂಬಿದ ಗ್ರಂಥದಲ್ಲೇ ಅಷ್ಟು ವ್ಯತ್ಯಾಸಗಳಿದ್ದರೆ ಯಾವುದನ್ನು ನಂಬುವುದು? ಬೆಂಗೆಲ್ ಓಡಿಹೋಗಲಿಲ್ಲ. ವರ್ಷಗಟ್ಟಲೆ ಕುಳಿತು ಪ್ರತಿಗಳನ್ನು ಹೋಲಿಸಿದರು. 1734ರಲ್ಲಿ ಅವರು ಪ್ರಕಟಿಸಿದ ಗ್ರೀಕ್ ಪಾಠ ಆಧುನಿಕ ಗ್ರಂಥಸಂಪಾದನ ಶಾಸ್ತ್ರದ ಮೈಲಿಗಲ್ಲು. ಎರಡು ಪಾಠಗಳಲ್ಲಿ ಕಠಿಣವಾದುದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು, ಏಕೆಂದರೆ ನಕಲು ಮಾಡುವವನು ಕಷ್ಟವಾದುದನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವಾದುದನ್ನು ಕಷ್ಟ ಮಾಡುವುದಿಲ್ಲ ಎಂಬುದು ಅವರ ಸೂತ್ರ. ನಮ್ಮ ಹಳಗನ್ನಡ ಕಾವ್ಯಗಳ ಸಂಪಾದಕರಿಗೂ ಈ ತತ್ತ್ವ ಪರಿಚಿತವೇ.

ಇಂಥ ಎಚ್ಚರದ ವಿದ್ವಾಂಸರೇ 'ಪ್ರಕಟನೆ'ಯ ಅಂಕಿಗಳ ಮುಂದೆ ಕುಳಿತಾಗ ಗಣಿತಕ್ಕೆ ಇಳಿದರು. 666 ಎಂದರೆ ವರ್ಷಗಳು, ಅದೇ ಗ್ರಂಥದ 42 ತಿಂಗಳೂ ಅದೇ ಅವಧಿ. ಆದ್ದರಿಂದ ಪ್ರವಾದನೆಯ ಒಂದು ತಿಂಗಳು ಎಂದರೆ ನಮ್ಮ ಲೆಕ್ಕದಲ್ಲಿ 15 ವರ್ಷ, ಮೇಲೆ ಏಳನೇ ಆರು ಪಾಲು! ಹೀಗೆ ಗುಣಿಸಿ ಭಾಗಿಸಿ ಅವರು ಮುಟ್ಟಿದ ದಿನ 1836ರ ಜೂನ್ 18. ಅಂದು ಮೃಗದ ಆಳ್ವಿಕೆ ಮುಗಿದು ಸಾವಿರ ವರ್ಷದ ಶಾಂತಿಯ ಕಾಲ ತೆರೆಯುತ್ತದೆ ಎಂದು 1740ರಲ್ಲಿ ಪ್ರಕಟವಾದ ತಮ್ಮ ವ್ಯಾಖ್ಯಾನದಲ್ಲಿ ಬರೆದರು. ಬೆಂಗೆಲ್ ಹೇಳಿದ್ದು ಲೋಕನಾಶದ ದಿನವನ್ನಲ್ಲ, ಒಳ್ಳೆಯ ಕಾಲದ ಆರಂಭವನ್ನು ಎಂಬುದನ್ನು ಇಲ್ಲಿ ಗಮನಿಸಬೇಕು. ಹನ್ನೆರಡು ಮಕ್ಕಳಲ್ಲಿ ಆರನ್ನು ಎಳವೆಯಲ್ಲೇ ಮಣ್ಣಿಗೆ ಕೊಟ್ಟ ತಂದೆ ಅವರು. ಅವರಿಗೆ ಈ ಲೆಕ್ಕ ಬರಿಯ ಅಂಕಿಯ ಆಟವಾಗಿರಲಿಲ್ಲ.

ಅವರು ಇನ್ನೊಂದು ಮಾತನ್ನೂ ಬರೆದಿಟ್ಟರು. 1836 ಗಮನಾರ್ಹ ಬದಲಾವಣೆ ಇಲ್ಲದೆ ಕಳೆದುಹೋದರೆ ತಮ್ಮ ಪದ್ಧತಿಯಲ್ಲಿ ದೊಡ್ಡ ತಪ್ಪೊಂದು ಇರಲೇಬೇಕು, ಅದು ಎಲ್ಲಿದೆ ಎಂದು ಹುಡುಕಬೇಕಾದೀತು ಎಂಬುದು ಅದರ ಭಾವ. ಗಡುವು ಹೇಳುವ ಪ್ರವಾದಿಗಳಲ್ಲಿ ಇಂಥ ವಿನಯ ಅಪರೂಪ. 1752ರಲ್ಲಿ ಬೆಂಗೆಲ್ ತೀರಿಕೊಂಡರು. ಕೊನೆಯ ದಿನಗಳವರೆಗೂ ಅವರ ಮೇಜಿನ ಮೇಲೆ ತಾವು ಮಾಡಿದ ಜರ್ಮನ್ ಅನುವಾದದ ಕರಡಚ್ಚುಗಳಿದ್ದವು. ಸಾವಿನ ಹೊತ್ತಿನಲ್ಲಿ ಭಕ್ತಿಯ ಆಡಂಬರ ಬೇಡ, ಕೆಲಸದ ನಡುವೆ ಬಾಗಿಲಿಗೆ ಕರೆ ಬಂದವನಂತೆ ಎದ್ದು ಹೋಗಬೇಕು ಎಂಬುದು ಅವರ ಬಯಕೆಯಾಗಿತ್ತು ಎಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ.

ಡಾನ್ಯೂಬ್ ನದಿಯ ಹಾದಿ

ಗುರು ಹೋದರೂ ದಿನಾಂಕ ಉಳಿಯಿತು. ವುರ್ಟೆಂಬರ್ಗಿನ ಹಳ್ಳಿಗಳಲ್ಲಿ 'ಪಯಟಿಸ್ಟ'ರೆಂದು ಕರೆಸಿಕೊಳ್ಳುವ ಭಕ್ತರ ಕೂಟಗಳಿದ್ದವು. ದ್ರಾಕ್ಷಿ ತೋಟದ ರೈತರು, ನೇಕಾರರು, ಮೇಷ್ಟ್ರುಗಳು ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಬೈಬಲ್ ಓದುತ್ತಿದ್ದರು. ಅಲ್ಲಿ 1836 ಎಂಬುದು ಗೊತ್ತಿರುವ ಅಂಕಿ. ಅಷ್ಟರಲ್ಲಿ ಫ್ರಾನ್ಸಿನ ಕ್ರಾಂತಿ ನಡೆಯಿತು, ನೆಪೋಲಿಯನ್ನನ ಯುದ್ಧಗಳು ಬಂದವು. ಇಂಥ ಕಾಲದಲ್ಲಿ ಹಳೆಯ ಲೆಕ್ಕಕ್ಕೆ ಹೊಸ ಬಲ ಬಂದದ್ದು ಸಹಜವೇ.

1815ರ ಏಪ್ರಿಲಿನಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮತ್ತು ಅನಿಲ ಆಕಾಶಕ್ಕೇರಿ ಸೂರ್ಯನ ಬಿಸಿಲಿಗೆ ಮರೆಯಾದವು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಎಡೆಬಿಡದ ಮಳೆಗೆ ಪೈರು ಕೊಳೆತು, ವುರ್ಟೆಂಬರ್ಗ್ ಕ್ಷಾಮಕ್ಕೆ ತುತ್ತಾಯಿತು. ಕಾರಣ ಎಲ್ಲೋ ದೂರದ ದ್ವೀಪದಲ್ಲಿದೆ ಎಂದು ಅಂದಿನ ರೈತನಿಗೆ ತಿಳಿಯುವ ಬಗೆ ಇರಲಿಲ್ಲ. ಅವನಿಗೆ ಕಂಡದ್ದು ಅಂತ್ಯಕಾಲದ ಗುರುತು. ಬರಲಿರುವ ಸಂಕಟದಿಂದ ಪಾರಾಗಲು ಭಕ್ತರಿಗೆ ಪೂರ್ವದಿಕ್ಕಿನಲ್ಲಿ ಆಶ್ರಯ ಸಿಗುತ್ತದೆ ಎಂಬ ನಂಬಿಕೆ ಮೊದಲೇ ಹಬ್ಬಿತ್ತು. ರಷ್ಯದ ದೊರೆ ಜಮೀನು ಕೊಡಲು ಸಿದ್ಧನಿದ್ದ.

1817ರಲ್ಲಿ ಸಾವಿರಾರು ಜನ ಮನೆ, ಹೊಲ ಮಾರಿ ಉಲ್ಮ್ ನಗರದಲ್ಲಿ ದೋಣಿ ಹತ್ತಿ ಡಾನ್ಯೂಬ್ ನದಿಯಲ್ಲಿ ಹೊರಟರು. ಮುದುಕರು, ಬಸುರಿಯರು, ಕೈಗೂಸುಗಳು ಎಲ್ಲರೂ ಇದ್ದ ಪಯಣ ಅದು. ನದಿಯ ಬಾಯಿಯ ಹತ್ತಿರ ಇಸ್ಮಾಯಿಲ್ ಎಂಬಲ್ಲಿ ಅವರನ್ನು ಸೋಂಕಿನ ಭಯದಿಂದ ತಡೆದು ನಿಲ್ಲಿಸಲಾಯಿತು. ಜೌಗು ನೆಲ, ಕೆಟ್ಟ ನೀರು. ಜ್ವರ ಮತ್ತು ಭೇದಿಗೆ ನೂರಾರು ಜನ ಅಲ್ಲೇ ಸತ್ತರು. ಕೆಲವರು ಕಪ್ಪು ಸಮುದ್ರದ ದಂಡೆಯಲ್ಲೇ ನೆಲೆ ನಿಂತರು. ಉಳಿದವರು ಕಾಕಸಸ್ ಪರ್ವತ ದಾಟಿ ಇಂದಿನ ಜಾರ್ಜಿಯಾ ಮತ್ತು ಅಜರ್‌ಬೈಜಾನ್ ದೇಶಗಳಲ್ಲಿ ಹಳ್ಳಿ ಕಟ್ಟಿ ದ್ರಾಕ್ಷಿ ಬೆಳೆದರು. ಅವರ ಮೊಮ್ಮಕ್ಕಳ ಮಕ್ಕಳನ್ನು 1941ರಲ್ಲಿ ಸ್ಟಾಲಿನ್ ಸರ್ಕಾರ ಮಧ್ಯ ಏಷ್ಯಕ್ಕೆ ಗಡೀಪಾರು ಮಾಡಿತು.

ಊರಲ್ಲೇ ಉಳಿದವರು

ದುಡಿಯುವ ಜನ ಹೀಗೆ ದೇಶ ಬಿಟ್ಟು ಹೋಗುವುದನ್ನು ನೋಡಿ ವುರ್ಟೆಂಬರ್ಗಿನ ರಾಜ ಒಂದನೆಯ ವಿಲ್ಹೆಲ್ಮನಿಗೆ ಆತಂಕವಾಯಿತು. ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್ ಎಂಬ ಭಕ್ತ ಮುಂದೆ ಬಂದು, ನಮ್ಮ ರೀತಿಯಲ್ಲಿ ಆರಾಧಿಸಲು ಇಲ್ಲೇ ಒಂದು ಊರು ಕಟ್ಟಿಕೊಳ್ಳಲು ಬಿಟ್ಟರೆ ಜನ ಹೋಗುವುದಿಲ್ಲ ಎಂದು ಸೂಚಿಸಿದರು. ಹೀಗೆ 1819ರಲ್ಲಿ ಸ್ಟುಟ್‌ಗಾರ್ಟ್ ಬಳಿ ಕೊರ್ನ್‌ಟಾಲ್ ಹುಟ್ಟಿತು. ಕ್ರಿಸ್ತನ ಬರವನ್ನು ಎದುರುನೋಡುವ ಜನರ ಊರು ಅದು. ಆದರೆ ಕೈಕಟ್ಟಿ ಕೂರಲಿಲ್ಲ. ಶಾಲೆ ತೆರೆದರು, ಅನಾಥ ಮಕ್ಕಳಿಗೆ ಮನೆ ಕಟ್ಟಿದರು. ನಾಳೆ ಎಲ್ಲ ಮುಗಿಯುತ್ತದೆ ಎನ್ನುವವರು ಮಗುವಿಗೆ ಅಕ್ಷರ ಕಲಿಸುವುದೇಕೆ ಎಂದು ಕೇಳಬಹುದು. ಒಡೆಯ ಬಂದಾಗ ಮನೆ ಗುಡಿಸಿರಬೇಕು ಎಂಬುದು ಅವರ ನಿಲುವು.

ಇದೇ ಭಕ್ತರ ಬಳಗ ಗಡಿಯಾಚೆಯ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೆಳೆಯರೊಂದಿಗೆ ಕೈಜೋಡಿಸಿತ್ತು. ಅಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥ ಬ್ಲೂಮ್‌ಹಾರ್ಟ್ ವುರ್ಟೆಂಬರ್ಗಿನವರು. ಮೊದಲ ದಶಕಗಳಲ್ಲಿ ಅಲ್ಲಿ ತರಬೇತಿ ಪಡೆದವರಲ್ಲಿ ಬಹಳ ಮಂದಿ ಅದೇ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಲೋಕದ ಎಲ್ಲ ಜನರಿಗೂ ಸುವಾರ್ತೆ ಸಾರಿದ ಮೇಲೆ ಅಂತ್ಯ ಬರುವುದು ಎಂಬ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಸಮುದ್ರ ದಾಟಲು ಅದೂ ಒಂದು ಪ್ರೇರಣೆಯಾಗಿತ್ತು.

ಮಂಗಳೂರಿಗೆ ಬಂದ ಕಾಲ

1834ರ ಅಕ್ಟೋಬರಿನಲ್ಲಿ ಸಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಬೆಂಗೆಲ್ ಹೇಳಿದ ದಿನಕ್ಕೆ ಇನ್ನು ಎರಡು ವರ್ಷವೂ ಇರಲಿಲ್ಲ. ಹೆಬಿಕ್ ಹುಟ್ಟಿದ್ದು ಉಲ್ಮ್ ಹತ್ತಿರದ ಹಳ್ಳಿಯಲ್ಲಿ. ಡಾನ್ಯೂಬ್ ದೋಣಿಗಳು ಹೊರಟ ವರ್ಷ ಅವರು ಹದಿನಾಲ್ಕರ ಹುಡುಗ.

1836ರ ಜೂನ್ 18 ಬಂತು. ಸೂರ್ಯ ಹುಟ್ಟಿದ, ಮುಳುಗಿದ. ವುರ್ಟೆಂಬರ್ಗಿನಲ್ಲಿ ಭಕ್ತರ ಕೂಟಗಳು ಒಡೆದು ಹೋಗಲಿಲ್ಲ. ದಿನಾಂಕವೊಂದೇ ಅವರ ಆಸರೆಯಾಗಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಲೆಕ್ಕ ತಪ್ಪಿದ್ದರೆ ಹುಡುಕಿ ನೋಡಿ ಎಂದು ಗುರುವೇ ಹೇಳಿ ಹೋಗಿದ್ದುದು ಇನ್ನೊಂದು. ಅದೇ 1836ರಲ್ಲಿ ವುರ್ಟೆಂಬರ್ಗಿನ ಇಬ್ಬರು ತರುಣರು ಭಾರತಕ್ಕೆ ಬಂದರು. ಒಬ್ಬರು ಹರ್ಮನ್ ಮೋಗ್ಲಿಂಗ್, ಇನ್ನೊಬ್ಬರು ಹರ್ಮನ್ ಗುಂಡರ್ಟ್. ಇಬ್ಬರೂ ಟ್ಯೂಬಿಂಗೆನ್ನಿನಲ್ಲಿ ಓದಿದವರು. ಬೈಬಲಿನ ಕಥೆಗಳನ್ನೇ ಪ್ರಶ್ನಿಸಿ ಯುರೋಪಿನಲ್ಲಿ ಬಿರುಗಾಳಿ ಎಬ್ಬಿಸಿದ ಡೇವಿಡ್ ಸ್ಟ್ರೌಸ್ ಕೂಡ ಅಲ್ಲಿಯವರೇ. ಅಂದರೆ ಇವರು ಸಂದೇಹವೆಂಬುದನ್ನು ಕಾಣದೆ ಬಂದವರಲ್ಲ.

ಮೋಗ್ಲಿಂಗ್ ಮಂಗಳೂರಿನಲ್ಲಿ ಮಾಡಿದ ಕೆಲಸ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಲ್ಲ. 1841ರಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಆ ದಿನವನ್ನೇ ನಾವು ಇಂದು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. 1848ರಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಅಚ್ಚಾದವು. ಮತಪ್ರಚಾರವೇ ಮಿಶನ್ನಿನ ಮುಖ್ಯ ಗುರಿಯಾಗಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. ಆದರೂ ತಮ್ಮದಲ್ಲದ ಧರ್ಮದ ಕಾವ್ಯಗಳನ್ನು ಓಲೆಗರಿಯಿಂದ ಅಚ್ಚಿಗೆ ಇಳಿಸಲು ಅವರು ಪಟ್ಟ ಶ್ರಮ, ಲೋಕ ನಾಳೆಯೇ ಮುಗಿಯುತ್ತದೆ ಎಂದುಕೊಂಡವರು ಪಡುವಂಥದಲ್ಲ. ಗುಂಡರ್ಟ್ ಮಲಯಾಳಕ್ಕೆ ಹೋದರು. 1847ರಲ್ಲಿ ತಲಶೇರಿಯಿಂದ ಅವರು ಹೊರಡಿಸಿದ ಮಲಯಾಳದ ಮೊದಲ ಪತ್ರಿಕೆಯ ಹೆಸರು 'ರಾಜ್ಯ ಸಮಾಚಾರಂ'. ಆ ರಾಜ್ಯ ಯಾವ ಅರಸನದೂ ಅಲ್ಲ, ಬರಲಿರುವ ದೇವರ ರಾಜ್ಯ.

ಇಲ್ಲೊಂದು ಹೋಲಿಕೆ ಮನಸ್ಸಿಗೆ ತಟ್ಟುತ್ತದೆ. 'ಮಂಗಳೂರ ಸಮಾಚಾರ' ಹುಟ್ಟಿದ 1843ರಲ್ಲೇ ಜಾರ್ಜಿಯಾದ ಜರ್ಮನ್ ಹಳ್ಳಿಗಳಲ್ಲಿ ಬಾರ್ಬರಾ ಸ್ಪೋನ್ ಎಂಬ ಮಹಿಳೆಯ ದರ್ಶನಗಳನ್ನು ನಂಬಿ ಜನ ಮನೆಮಾರು ತೊರೆದು ಜೆರುಸಲೇಮಿಗೆ ನಡೆದೇ ಹೋಗಲು ಸಜ್ಜಾದರು. ರಷ್ಯದ ಕೊಸಾಕ್ ಸೈನಿಕರು ಅವರನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಒಂದೇ ಸೀಮೆಯ ಜನ, ಒಂದೇ ಗ್ರಂಥ, ಒಂದೇ ನಿರೀಕ್ಷೆ. ಒಂದು ಕಡೆ ಅದು ಹೊಲ ಮನೆ ಬಿಡಿಸಿತು, ಇನ್ನೊಂದು ಕಡೆ ಅಚ್ಚಿನ ಕಲ್ಲಿನ ಮುಂದೆ ಕೂರಿಸಿತು.

ಸಾಗರದಾಚೆ ಇನ್ನೊಂದು ಗಡುವು

ಅಮೆರಿಕದಲ್ಲೂ ಇಂಥದೇ ಪ್ರಸಂಗ ನಡೆಯಿತು, ಹೆಚ್ಚು ನೋವಿನಿಂದ. ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್, ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ ಕ್ರಿಸ್ತನ ಬರವು ಹತ್ತಿರವಿದೆ ಎಂದು ಸಾರಿದ. ಅವನ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ನಿಗದಿ ಮಾಡಿದರು. ಬೆಳೆ ಕೊಯ್ಯದೆ ಬಿಟ್ಟವರಿದ್ದರು, ಸಾಲ ತೀರಿಸಿ ಕೈ ತೊಳೆದುಕೊಂಡವರಿದ್ದರು. ಆ ರಾತ್ರಿ ಬೆಳಗಾಯಿತು. ಹಲವರು ಹಗಲು ಹರಿಯುವವರೆಗೂ ಅತ್ತರು. ನೆರೆಹೊರೆಯವರ ಗೇಲಿ ಬೇರೆ. ಚರಿತ್ರೆಯಲ್ಲಿ ಅದು 'ಮಹಾ ನಿರಾಶೆ' ಎಂದೇ ದಾಖಲಾಗಿದೆ. ಬಹಳಷ್ಟು ಜನ ಚದುರಿದರು. ಉಳಿದವರಲ್ಲಿ ಒಂದು ಗುಂಪು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಕ್ರಿಸ್ತನ ಬರವನ್ನು ಹೆಸರಿನಲ್ಲೇ ಇಟ್ಟುಕೊಂಡ ಈ ಸಭೆ ಮುಂದೆ ದಿನಾಂಕ ಹೇಳುವುದನ್ನು ಬಿಟ್ಟು ಆಸ್ಪತ್ರೆ, ಶಾಲೆಗಳನ್ನು ಕಟ್ಟಿತು.

ಗಡುವು ಬೇರೆ, ಭರವಸೆ ಬೇರೆ

ಈ ಎಲ್ಲ ಕಥೆಗಳಲ್ಲಿ ಎರಡು ಬಗೆಯ ಮನಸ್ಸುಗಳು ಕಾಣುತ್ತವೆ. ದಿನಾಂಕ ನಂಬಿದವನಿಗೆ ಅಂತ್ಯಕಾಲ ಒಂದು ಗಡುವು. ಗಡುವು ಮೀರಿದರೆ ಕೊಟ್ಟ ಮಾತೂ ಸುಳ್ಳಾಗುತ್ತದೆ. ಮಾತು ಕೊಟ್ಟವನನ್ನೇ ನಂಬಿದವನಿಗೆ ಹಾಗಲ್ಲ. ಊರಿಗೆ ಹೋದ ಮಗ ಎಂದು ಬರುತ್ತಾನೆಂದು ತಾಯಿಗೆ ಗೊತ್ತಿಲ್ಲ. ಆದರೆ ಬರುತ್ತಾನೆಂದು ಗೊತ್ತು. ಅದಕ್ಕೇ ಅವಳು ರಾತ್ರಿ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಾಳೆ. ಬೆಂಗೆಲ್ ಅವರಲ್ಲಿ ಈ ಎರಡೂ ಮನಸ್ಸುಗಳಿದ್ದವು. ಅವರ ಲೆಕ್ಕ ಇಂದು ಕುತೂಹಲದ ವಸ್ತು. ಕರಡಚ್ಚು ತಿದ್ದುತ್ತಲೇ ಬಾಗಿಲಿನ ಕರೆಗೆ ಓಗೊಡಲು ಸಿದ್ಧವಾಗಿದ್ದ ಅವರ ಭಂಗಿ ಮಾತ್ರ ಹಳೆಯದಾಗಿಲ್ಲ.

ನಾಳೆ ಲೋಕ ಮುಗಿಯುತ್ತದೆಂದು ತಿಳಿದರೂ ಇಂದು ಸೇಬಿನ ಸಸಿ ನೆಡುತ್ತೇನೆ ಎಂಬ ಅರ್ಥದ ಮಾತೊಂದು ಮಾರ್ಟಿನ್ ಲೂಥರನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ವಿದ್ವಾಂಸರು ಎಷ್ಟು ಹುಡುಕಿದರೂ ಅದು ಲೂಥರನ ಬರಹಗಳಲ್ಲಿ ಸಿಕ್ಕಿಲ್ಲ. ಅವರಿಗೆ ದೊರೆತ ಹಳೆಯ ದಾಖಲೆ 1944ರದು. ಬಾಂಬುಗಳ ಅಡಿಯಲ್ಲಿ ಜರ್ಮನಿಯ ನಗರಗಳು ಉರಿಯುತ್ತಿದ್ದ ವರ್ಷ ಅದು. ಹೇಳಿದವರು ಯಾರೇ ಇರಲಿ, ಆ ಮಾತು ಬೇಕಾದದ್ದು ಅಂಥ ಹೊತ್ತಿನಲ್ಲಿ ಎಂಬುದೇ ಗಮನಿಸಬೇಕಾದ ಸಂಗತಿ.

ಕನ್ನಡ ಬೈಬಲಿನಲ್ಲಿ ಪೌಲನು ಹೇಳುವ ಮೂರು ದೊಡ್ಡ ಗುಣಗಳ ಹೆಸರು ನಂಬಿಕೆ, ನಿರೀಕ್ಷೆ, ಪ್ರೀತಿ. ಬೇರೆ ಭಾಷೆಗಳಲ್ಲಿ 'ಆಸೆ'ಗೆ ಹತ್ತಿರವಾದ ಪದವಿರುವ ಕಡೆ ಕನ್ನಡದಲ್ಲಿ 'ನಿರೀಕ್ಷೆ' ನಿಂತಿದೆ. ಆಸೆ ಒಳಗೇ ಇರುವಂಥದು, ಬಂದರೆ ಸರಿ, ಬಾರದಿದ್ದರೆ ಬೇಸರ. ನಿರೀಕ್ಷೆ ಹಾಗಲ್ಲ, ದಾರಿಯ ಕಡೆ ಕಣ್ಣು ನೆಟ್ಟು ಕಾಯುವುದು. ಇಂದಿಗೂ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸಾವಾದಾಗ ಬಂಧುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನದಲ್ಲಿ ದಿನಾಂಕ ಇರುವುದಿಲ್ಲ. ಮತ್ತೆ ಕಾಣುತ್ತೇವೆ ಎಂಬ ಭರವಸೆ ಮಾತ್ರ ಇರುತ್ತದೆ. ಥೆಸಲೋನಿಕದವರು ಎರಡು ಸಾವಿರ ವರ್ಷದ ಹಿಂದೆ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು, ಅವರಿಗೆ ಸಿಕ್ಕಿದ ಉತ್ತರವೂ ಅದೇ.